ಬ್ರೇಕ್ ಪೆಡಲ್ ಮೆತ್ತಗಾಗಿದೆ, ಹಿಂದಿನ ಚಕ್ರ ಹಿಡಿಯುತ್ತಿಲ್ಲ: ಮಾಸ್ಟರ್ ಸಿಲಿಂಡರ್ ಬದಲಿಸುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದು ನೋಡಿ

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವಳು. ನಮ್ಮದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಎಬಿಎಸ್ ಇಲ್ಲ. 86,000 ಕಿ.ಮೀ. ಓಡಿದೆ. ಮಳೆಗಾಲ ಮುಗಿದ ಮೇಲೆ ಹಿಂದಿನ ಚಕ್ರದಲ್ಲಿ ಕಿರ್ ಅಂತ ಸದ್ದು ಶುರುವಾಯಿತು. ಗ್ಯಾರೇಜಿನಲ್ಲಿ ಹಿಂದಿನ ಬ್ರೇಕ್ ಶೂ ಬದಲಿಸಿ, ಡ್ರಮ್‌ಗಳನ್ನು ಲೇತ್‌ಗೆ ಹಾಕಿಸಿ, ಬ್ರೇಕ್ ಆಯಿಲ್ ಹೊಸದು ಹಾಕಿ ಪೈಪಿನಲ್ಲಿ ಸೇರಿದ ಏರ್ ತೆಗೆದರು. ಹ್ಯಾಂಡ್‌ಬ್ರೇಕ್ ಕೂಡ ಟೈಟ್ ಮಾಡಿದರು. ಆಗಿನಿಂದ ಪೆಡಲ್ ಮೆತ್ತಗಾಗಿದೆ. ಮೊದಲ ಸಲ ತುಳಿದರೆ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ತಕ್ಷಣ ಇನ್ನೊಮ್ಮೆ ತುಳಿದರೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಆಯಿಲ್ ಕಡಿಮೆಯಾಗಿಲ್ಲ. ಎರಡು ಸಲ ಮತ್ತೆ ಏರ್ ತೆಗೆಸಿದೆ, ಪ್ರಯೋಜನ ಆಗಲಿಲ್ಲ. ಒಬ್ಬ ಮೆಕ್ಯಾನಿಕ್ ಮಾಸ್ಟರ್ ಸಿಲಿಂಡರ್ ಹೋಗಿದೆ ಅನ್ನುತ್ತಾರೆ. ಇನ್ನೊಬ್ಬರು, ಹೊಸ ಶೂ ಕೂರುವವರೆಗೆ ಹೀಗೇ, ಹಿಂದಿನ ಬ್ರೇಕ್ ಅಷ್ಟೇನೂ ಮುಖ್ಯ ಅಲ್ಲ ಅನ್ನುತ್ತಾರೆ. ಮಣ್ಣಿನ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿ ನೋಡಿದೆ. ಮುಂದಿನ ಚಕ್ರ ಉಜ್ಜಿದ ಗುರುತು ಮಾತ್ರ ಬಿತ್ತು. ತಿಂಗಳಿಗೊಮ್ಮೆ ಅಮ್ಮನನ್ನು ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈ ಕಾರಿನಲ್ಲಿ ಘಾಟಿ ಇಳಿಯಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಈಗಿನ ಸ್ಥಿತಿಯಲ್ಲಿ ಇಳಿಯಬೇಡಿ. ಈ ತಿಂಗಳ ಮಟ್ಟಿಗೆ ಬೇರೆ ಕಾರು ಗೊತ್ತು ಮಾಡಿಕೊಳ್ಳಿ, ಇಲ್ಲವೇ ಬಸ್ಸು ಹಿಡಿಯಿರಿ. ಬಸ್ಸಿನಲ್ಲಿ ಅಮ್ಮನಿಗೆ ಕಷ್ಟ ಆಗಬಹುದು, ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಿರುವಿನಲ್ಲಿ ಎದುರಿಗೆ ಬಸ್ಸು ಕಂಡಾಗ ಎರಡನೇ ಸಲ ತುಳಿಯುವಷ್ಟು ಹೊತ್ತು ನಿಮಗೆ ಸಿಗುವುದಿಲ್ಲ.

ಇನ್ನು ಸಮಾಧಾನದ ವಿಷಯ. ನೀವು ಬರೆದ ಲಕ್ಷಣಗಳನ್ನು ಓದಿದಾಗ ನನ್ನ ಮೊದಲ ಅನುಮಾನ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಮೇಲೆ ಹೋಗಲಿಲ್ಲ. ಹಿಂದಿನ ಡ್ರಮ್ಮಿಗೂ (ಚಕ್ರದ ಜೊತೆ ತಿರುಗುವ ಬೋಗುಣಿ) ಶೂಗೂ (ಅದಕ್ಕೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿ) ನಡುವಿನ ಗ್ಯಾಪ್ ಮೇಲೆ ಹೋಯಿತು. ಅದು ನಿಜವಾದರೆ ಯಾವ ಪಾರ್ಟೂ ಬೇಡ, ಒಂದೆರಡು ಗಂಟೆಯ ಕೂಲಿ ಸಾಕು. ನಿಜ ಹೌದೋ ಅಲ್ಲವೋ ಅಂತ ಮನೆಯ ಅಂಗಳದಲ್ಲೇ, ಒಂದು ಸ್ಪ್ಯಾನರ್ ಕೂಡ ಇಲ್ಲದೆ ನೋಡಬಹುದು.

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಚಕ್ರಕ್ಕೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಪೂರ್ತಿ ಬಿಡಿ. ಎಂಜಿನ್ ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಕಾದು, ಪೆಡಲ್ ಒಮ್ಮೆ ತುಳಿದು ಅದು ಎಷ್ಟು ಕೆಳಗೆ ಹೋಯಿತು ಅಂತ ಗಮನಿಸಿ. ಕಾಲು ತೆಗೆಯಿರಿ. ಈಗ ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಮೇಲಕ್ಕೆ ಎಳೆದಿಡಿ. ಮತ್ತೆ ಅರ್ಧ ನಿಮಿಷ ಬಿಟ್ಟು ಪೆಡಲ್ ಒಮ್ಮೆ ತುಳಿಯಿರಿ. ಈ ಸಲ ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತರೆ ದೋಷ ಹಿಂದಿನ ಶೂಗಳ ಗ್ಯಾಪಿನಲ್ಲಿದೆ. ಹ್ಯಾಂಡ್‌ಬ್ರೇಕ್ ಎಳೆದಾಗ ಕೇಬಲ್ ಶೂಗಳನ್ನು ಡ್ರಮ್ಮಿಗೆ ಒತ್ತಿ ಹಿಡಿಯುತ್ತದೆ. ಆ ಗ್ಯಾಪ್ ತುಂಬುವ ಕೆಲಸ ಆಯಿಲಿಗೆ ಉಳಿಯುವುದಿಲ್ಲ. ಅದಕ್ಕೇ ಪೆಡಲ್ ಮೇಲೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದರೂ ಪೆಡಲ್ ಮೊದಲಿನಷ್ಟೇ ಕೆಳಗೆ ಹೋದರೆ ಗಾಳಿ, ಸೋರಿಕೆ, ಮಾಸ್ಟರ್ ಇವುಗಳ ಕಡೆ ನೋಡಬೇಕು.

ಮೂವತ್ತು ವರ್ಷದ ಕೆಲಸದಲ್ಲಿ ಈ ಒಂದು ಪರೀಕ್ಷೆ ಉಳಿಸಿದಷ್ಟು ಗಿರಾಕಿಗಳ ದುಡ್ಡನ್ನು ಬೇರೆ ಯಾವುದೂ ಉಳಿಸಿಲ್ಲ. ನಾನು ಇದನ್ನು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ. ಕೆಲಸಕ್ಕೆ ಸೇರಿದ ಶುರುವಿನಲ್ಲಿ, ನಿಮ್ಮ ಕಾರಿನಂಥದೇ ತೊಂದರೆ ಇದ್ದ ಕಾರಿಗೆ ಹೊಸ ಮಾಸ್ಟರ್ ಹಾಕಿಸಿ ಕಳಿಸಿದ್ದೆ. ಎರಡು ದಿನಕ್ಕೆ ಕಾರು ವಾಪಸ್ ಬಂತು, ಪೆಡಲ್ ಹಾಗೇ ಇತ್ತು. ನಮ್ಮ ಹಿರಿಯ ಮೇಸ್ತ್ರಿ ಬಂದು ಹ್ಯಾಂಡ್‌ಬ್ರೇಕ್ ಎಳೆದು ಪೆಡಲ್ ತುಳಿದು ತೋರಿಸಿದರು. ಗಿರಾಕಿಯ ದುಡ್ಡು ದಂಡವಾಗಿತ್ತು. ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ಇಷ್ಟು ಸಣ್ಣ ಗ್ಯಾಪ್ ಪೆಡಲನ್ನು ಅಷ್ಟು ಕೆಳಗೆ ಇಳಿಸುತ್ತದಾ ಅಂತ ನಿಮಗೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಸಣ್ಣ ಕಾರುಗಳ ಹಿಂದಿನ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಶೂಗಳನ್ನು ಡ್ರಮ್ಮಿಗೆ ತಳ್ಳುವ ಭಾಗ) ಒಳವ್ಯಾಸ ಸುಮಾರು 17.5 ಮಿ.ಮೀ. ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಎರಡು ಪಿಸ್ಟನ್. ಶೂಗೂ ಡ್ರಮ್ಮಿಗೂ ನಡುವೆ ಇರಬೇಕಾದ್ದಕ್ಕಿಂತ 1 ಮಿ.ಮೀ. ಜಾಸ್ತಿ ಗ್ಯಾಪ್ ಇದ್ದರೆ ಎರಡೂ ಪಿಸ್ಟನ್ ಒಂದೊಂದು ಮಿ.ಮೀ. ಜಾಸ್ತಿ ಓಡಬೇಕು. ಅದಕ್ಕೆ ಒಂದು ಚಕ್ರಕ್ಕೆ ಅರ್ಧ ಮಿ.ಲೀ. ಹತ್ತಿರ ಆಯಿಲ್ ಬೇಕು. ಮಾಸ್ಟರಿನ ಒಳವ್ಯಾಸ ಸುಮಾರು 20.6 ಮಿ.ಮೀ. ಇದ್ದರೆ, ಅಷ್ಟು ಆಯಿಲ್ ತಳ್ಳಲು ಅದರ ಪಿಸ್ಟನ್ ಸುಮಾರು 1.4 ಮಿ.ಮೀ. ಚಲಿಸಬೇಕು. ಹಿಂದಿನ ಚಕ್ರ ಎರಡು, ಅವಕ್ಕೆ ಆಯಿಲ್ ಹೋಗುವ ದಾರಿಯೂ (ಸರ್ಕ್ಯೂಟ್) ಎರಡು. ಮಾಸ್ಟರಿನಲ್ಲಿ ಎರಡು ಪಿಸ್ಟನ್ ಒಂದರ ಹಿಂದೆ ಒಂದು ಕೂತಿರುವುದರಿಂದ ಆ ಎರಡೂ ಓಟ ಕೂಡಿ 2.8 ಮಿ.ಮೀ. ಆಗುತ್ತದೆ. ಪೆಡಲಿನ ಕಡ್ಡಿ ಇದನ್ನು ನಾಲ್ಕು ಪಟ್ಟು ಮಾಡಿದರೆ, ನಿಮ್ಮ ಕಾಲಿಗೆ 11 ಮಿ.ಮೀ. ಸುಮ್ನೆ ಇಳಿದ ಹಾಗೆ. ಗ್ಯಾಪ್ 2 ಮಿ.ಮೀ. ಇದ್ದರೆ 22 ಮಿ.ಮೀ. ಇದರ ಮೇಲೆ ಪೆಡಲಿನ ಮಾಮೂಲಿ ಓಟ ಬೇರೆ. ನೀವು ಹೇಳುವ "ಅರ್ಧಕ್ಕಿಂತ ಕೆಳಗೆ" ಇಲ್ಲಿಂದಲೇ ಬರುತ್ತದೆ.

ಎರಡನೇ ತುಳಿತಕ್ಕೆ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ಕಾಲು ಎತ್ತಿದ ಕೂಡಲೇ ಮಾಸ್ಟರ್ ಮೇಲಿನ ಡಬ್ಬಿಯಿಂದ ಆಯಿಲ್ ಎಳೆದುಕೊಳ್ಳುತ್ತದೆ. ಆದರೆ ಡ್ರಮ್ಮಿನೊಳಗಿನ ಸ್ಪ್ರಿಂಗ್ ಶೂಗಳನ್ನು ಪೂರ್ತಿ ಹಿಂದಕ್ಕೆ ಎಳೆಯಲು ಒಂದಿಷ್ಟು ಹೊತ್ತು ಬೇಕು. ಅಷ್ಟರೊಳಗೆ ನೀವು ಮತ್ತೆ ತುಳಿದರೆ ಶೂಗಳು ಇನ್ನೂ ಡ್ರಮ್ಮಿನ ಹತ್ತಿರವೇ ಇರುತ್ತವೆ.

ಪೈಪಿನಲ್ಲಿ ಗಾಳಿ ಇದ್ದಾಗಲೂ ಪಂಪ್ ಮಾಡಿದರೆ ಪೆಡಲ್ ಸ್ವಲ್ಪ ಮೇಲೆ ಬರುತ್ತದೆ. ಆದರೆ ಅದು ಗಟ್ಟಿಯಾಗುವುದಿಲ್ಲ. ಹತ್ತಿಯ ದಿಂಬಿನ ಮೇಲೆ ಕಾಲಿಟ್ಟಂತೆ ಕುಗ್ಗಿ ಕುಗ್ಗಿ ಬರುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನೀವು "ಗಟ್ಟಿಯಾಗಿ ನಿಲ್ಲುತ್ತದೆ" ಅಂತ ಬರೆದಿದ್ದೀರಿ. ಆ ಒಂದು ಮಾತಿನ ಮೇಲೆ ನಾನು ಗಾಳಿಯನ್ನು ಹಿಂದಕ್ಕೆ ಸರಿಸಿದ್ದೇನೆ. ಎರಡು ಸಲ ಏರ್ ತೆಗೆದರೂ ಏನೂ ಬದಲಾಗದ್ದಕ್ಕೂ ಇದು ಹೊಂದುತ್ತದೆ.

ಈಗ ಗ್ಯಾರೇಜಿನಲ್ಲಿ ಏನಾಗಿರಬಹುದು ಅಂತ ನೋಡೋಣ. ನಾನು ಕಾರು ನೋಡಿಲ್ಲ, ಆದ್ದರಿಂದ ಇದು ಊಹೆ. ಆದರೆ ಇಂಥ ಕಾರುಗಳನ್ನು ಎಷ್ಟೋ ಬಿಚ್ಚಿದ್ದೇನೆ. ಡ್ರಮ್ಮಿನೊಳಗೆ ಎರಡು ಶೂಗಳ ನಡುವೆ ಅಡ್ಜಸ್ಟರ್ ಅಂತ ಒಂದು ಪಟ್ಟಿ ಇರುತ್ತದೆ. ಲೈನರ್ (ಶೂ ಮೇಲಿನ ಉಜ್ಜುವ ಪದರ) ಸವೆದಂತೆ ಅದು ಹಲ್ಲು ಹಲ್ಲಾಗಿ ಉದ್ದವಾಗಿ, ಶೂಗಳನ್ನು ಡ್ರಮ್ಮಿನ ಹತ್ತಿರವೇ ಇಡಬೇಕು. ಹೊಸ ಶೂ ಹಾಕುವಾಗ ಲೈನರ್ ದಪ್ಪ ಇರುವುದರಿಂದ ಈ ಪಟ್ಟಿಯನ್ನು ಪೂರ್ತಿ ಗಿಡ್ಡ ಮಾಡಲೇಬೇಕು, ಇಲ್ಲದಿದ್ದರೆ ಡ್ರಮ್ ಒಳಗೆ ಹೋಗುವುದಿಲ್ಲ. ಡ್ರಮ್ ಕೂರಿಸಿದ ಮೇಲೆ ಅದನ್ನು ಮತ್ತೆ ಹೊಂದಿಸಬೇಕು. ಎಷ್ಟೋ ಕಡೆ ತಪ್ಪುವುದು ಇಲ್ಲಿ. "ಆಟೋ ಅಡ್ಜಸ್ಟರ್ ಇದೆ, ಓಡಿಸ್ತಾ ತಾನೇ ಸರಿ ಹೋಗುತ್ತೆ" ಅಂತ ಬಿಟ್ಟುಬಿಡುತ್ತಾರೆ.

ಅದು ಸರಿಹೋಗಬೇಕಾದರೆ ಹಲ್ಲುಗಳು ಸಲೀಸಾಗಿ ಆಡಬೇಕು. ಮಲೆನಾಡಿನಲ್ಲಿ ಹತ್ತು ವರ್ಷ ಮಳೆ ಕುಡಿದ ಅಡ್ಜಸ್ಟರ್ ತುಕ್ಕು ಮತ್ತು ಲೈನರ್ ಪುಡಿ ಸೇರಿ ಕಚ್ಚಿಕೊಂಡಿರುತ್ತದೆ. ಸ್ಕ್ರೂ ಥರದ ಅಡ್ಜಸ್ಟರ್ ಇದ್ದರೆ ಇನ್ನೊಂದು ಅಪಾಯ ಇದೆ. ಎಡ ಚಕ್ರದ್ದಕ್ಕೂ ಬಲ ಚಕ್ರದ್ದಕ್ಕೂ ಎಳೆ ಉಲ್ಟಾ ಇರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಪ್ರತಿ ಸಲವೂ ಗ್ಯಾಪ್ ಕಡಿಮೆಯಾಗುವ ಬದಲು ಜಾಸ್ತಿಯಾಗುವ ಕಡೆಗೆ ತಿರುಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು "ಹ್ಯಾಂಡ್‌ಬ್ರೇಕ್ ಕೂಡ ಟೈಟ್ ಮಾಡಿದರು" ಅನ್ನುವ ಸಾಲಿನಲ್ಲಿ. ಶೂ ಗ್ಯಾಪ್ ಜಾಸ್ತಿ ಇದ್ದರೆ ಹ್ಯಾಂಡ್‌ಬ್ರೇಕ್ ಲಿವರ್ ತುಂಬಾ ಮೇಲೆ ಬರುತ್ತದೆ. ಗಿರಾಕಿ ಅದನ್ನು ಕೂಡಲೇ ಹಿಡಿಯುತ್ತಾರೆ. ಅದಕ್ಕೆ ಸುಲಭದ ದಾರಿ ಅಂದರೆ ಲಿವರ್ ಕೆಳಗಿನ ನಟ್ ತಿರುಗಿಸಿ ಕೇಬಲ್ ಬಿಗಿ ಮಾಡುವುದು. ಲಿವರ್ ಐದಾರು ಕ್ಲಿಕ್ಕಿಗೆ ನಿಲ್ಲುತ್ತದೆ, ಗಿರಾಕಿಗೆ ಸಮಾಧಾನ. ಆದರೆ ಒಳಗೆ ಕೆಲಸ ಕೆಟ್ಟಿರುತ್ತದೆ. ಡ್ರಮ್ಮಿನೊಳಗೆ ಹ್ಯಾಂಡ್‌ಬ್ರೇಕಿನ ಒಂದು ಸಣ್ಣ ಲಿವರ್ ಇದೆ. ಹ್ಯಾಂಡ್‌ಬ್ರೇಕ್ ಬಿಟ್ಟಾಗ ಅದು ಪೂರ್ತಿ ಹಿಂದಕ್ಕೆ ಹೋಗಿ ಶೂ ಮೇಲಿನ ತನ್ನ ಜಾಗದಲ್ಲಿ ಕೂರಬೇಕು. ಹಾಗೆ ಕೂತರೆ ಮಾತ್ರ ಎಷ್ಟೋ ಮಾದರಿಗಳಲ್ಲಿ ಅಡ್ಜಸ್ಟರ್ ಮುಂದಿನ ಹಲ್ಲಿಗೆ ಹೋಗುತ್ತದೆ. ಕೇಬಲ್ ಅದನ್ನು ಸದಾ ಅರ್ಧ ಎಳೆದಿಟ್ಟರೆ ಅಡ್ಜಸ್ಟರ್ ಅಲ್ಲೇ ನಿಂತುಬಿಡುತ್ತದೆ. ಒಂದು ಲಕ್ಷ ಕಿಲೋಮೀಟರ್ ಓಡಿಸಿದರೂ ಗ್ಯಾಪ್ ಮುಚ್ಚುವುದಿಲ್ಲ.

ಹಾಗಾಗಿ ಗ್ಯಾರೇಜಿಗೆ ಹೋದಾಗ ಮಾಸ್ಟರ್, ಏರ್ ಅಂತೆಲ್ಲ ಶುರು ಮಾಡಬೇಡಿ. ಇಷ್ಟು ಹೇಳಿ: "ಅಣ್ಣಾ, ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿ. ಡ್ರಮ್ ಬಿಚ್ಚಿ ಅಡ್ಜಸ್ಟರ್ ಆಡ್ತಾ ಇದೆಯಾ ನೋಡಿ. ಶೂ ಗ್ಯಾಪ್ ಸೆಟ್ ಮಾಡಿ. ಕೇಬಲ್ ಆಮೇಲೆ, ಕೊನೇಲಿ." ಈ ಕ್ರಮ ತಪ್ಪಬಾರದು. ಗ್ಯಾಪ್ ಸರಿಯಾಗಿದ್ದರೆ ಡ್ರಮ್ ಹಾಕಿ ಕೈಯಲ್ಲಿ ತಿರುಗಿಸಿದಾಗ ಶೂ ಅಲ್ಲಲ್ಲಿ ಸಣ್ಣಗೆ ಸವರುವ ಸದ್ದು ಕೇಳಬೇಕು, ಆದರೆ ಡ್ರಮ್ ಬಿಗಿಯಾಗಬಾರದು. ಆಮೇಲೆ ಎರಡೂ ಡ್ರಮ್ ಹಾಕಿಟ್ಟು ಪೆಡಲನ್ನು ಇಪ್ಪತ್ತು, ಮೂವತ್ತು ಸಲ ತುಳಿಯಬೇಕು. ಡ್ರಮ್ ಹಾಕದೆ ತುಳಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರುತ್ತದೆ, ಅದನ್ನು ಮರೆಯಬಾರದು. ಕೊನೆಗೆ ಹ್ಯಾಂಡ್‌ಬ್ರೇಕ್ ಕೇಬಲ್. ಎಷ್ಟು ಕ್ಲಿಕ್ ಇರಬೇಕು ಅಂತ ನಿಮ್ಮ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಡ್ರಮ್ ಬಿಚ್ಚಿದಾಗ ಇನ್ನೆರಡು ವಿಷಯ ನೋಡಿಸಿ. ಇವು ಮುಖ್ಯ.

ಒಂದು, ಡ್ರಮ್ಮಿನ ಅಳತೆ. ಲೇತ್‌ಗೆ ಹಾಕಿಸಿದ್ದು ಎರಡನೇ ಅನುಮಾನ. ಸಾಮಾನ್ಯವಾಗಿ ಡ್ರಮ್ಮಿನ ಮೇಲೆ ಗರಿಷ್ಠ ಒಳವ್ಯಾಸ ಎಷ್ಟಿರಬಹುದು ಅಂತ ಎರಕದಲ್ಲೇ ಬರೆದಿರುತ್ತದೆ. ಹೊಸದರಲ್ಲಿ 180 ಮಿ.ಮೀ. ಇರುವ ಡ್ರಮ್ಮಿಗೆ ಅದು 182 ಮಿ.ಮೀ. ಇರಬಹುದು. ಅಂದರೆ ಎಲ್ಲ ಸೇರಿ ತಿನ್ನಬಹುದಾದ್ದು 2 ಮಿ.ಮೀ. ಮಾತ್ರ, ಒಂದೊಂದು ಬದಿಗೆ 1 ಮಿ.ಮೀ. 86,000 ಕಿ.ಮೀ. ಸವೆದ ಡ್ರಮ್ಮಿನಲ್ಲಿ ಗೆರೆ ಹೋಗಲಿ ಅಂತ ಲೇತ್‌ನಲ್ಲಿ ತೆಗೆದರೆ ಆ ಮಿತಿ ದಾಟಿರಬಹುದು. ಮಿತಿ ದಾಟದಿದ್ದರೂ ಇನ್ನೊಂದು ತೊಂದರೆ ಇದೆ. ಹೊಸ ಶೂವಿನ ಬಾಗು ಹೊಸ ಡ್ರಮ್ಮಿನ ಅಳತೆಗೆ ಮಾಡಿದ್ದು. ಡ್ರಮ್ ದೊಡ್ಡದಾದರೆ ಶೂವಿನ ನಡುಭಾಗ ಮಾತ್ರ ತಾಗುತ್ತದೆ, ಎರಡು ತುದಿ ಗಾಳಿಯಲ್ಲಿರುತ್ತವೆ. ಒತ್ತಿದಾಗ ಶೂ ಸ್ವಲ್ಪ ಬಾಗುತ್ತದೆ, ಅದು ಪೆಡಲಿನಲ್ಲಿ ಮೆತ್ತಗೆ ಅನ್ನಿಸುತ್ತದೆ, ಹಿಡಿತವೂ ಕಡಿಮೆ. ಲೈನರ್ ಮೇಲೆ ಉಜ್ಜಿದ ಹೊಳಪು ಎಲ್ಲಿದೆ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹಿಂದೆ ದೊಡ್ಡ ಗ್ಯಾರೇಜುಗಳಲ್ಲಿ ಶೂವನ್ನೂ ಡ್ರಮ್ಮಿನ ಬಾಗಿಗೆ ತಕ್ಕಂತೆ ಉಜ್ಜಿ ಕೊಡುತ್ತಿದ್ದರು. ಆ ಪದ್ಧತಿ ಈಗ ಹೆಚ್ಚುಕಡಿಮೆ ಹೋಗಿಯೇಬಿಟ್ಟಿದೆ, ಅದು ನನಗೆ ಬೇಸರದ ವಿಷಯ.

"ಹೊಸ ಶೂ ಕೂರುವವರೆಗೆ ಹೀಗೇ" ಅನ್ನುವ ಮಾತಿನಲ್ಲಿ ಇಷ್ಟು ನಿಜ ಇದೆ. ಮೊದಲ ಕೆಲವು ನೂರು ಕಿಲೋಮೀಟರ್ ಹಿಡಿತ ಸ್ವಲ್ಪ ಕಡಿಮೆ ಇರಬಹುದು, ಪೆಡಲ್ ಸ್ವಲ್ಪ ಮೆತ್ತಗೂ ಇರಬಹುದು. ಆದರೆ ಅರ್ಧಕ್ಕಿಂತ ಕೆಳಗೆ ಹೋಗುವ ಪೆಡಲಿಗೆ ಈ ಸಮಾಧಾನ ಸಾಲದು.

ಎರಡು, ವೀಲ್ ಸಿಲಿಂಡರ್. ಅದರ ಎರಡು ತುದಿಯಲ್ಲಿ ರಬ್ಬರ್ ಟೋಪಿ ಇರುತ್ತದೆ. ಅದರ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ಒಣಗಿರಬೇಕು. ಆಯಿಲ್ ತೊಟ್ಟಿಕ್ಕಿದರೆ ಒಳಗೆ ಆಯಿಲ್ ತಡೆಯುವ ರಬ್ಬರ್ ಕಪ್ ಹೋಗಿದೆ. ಹೊಸ ಶೂ ಹಾಕಿದ ಕೆಲವೇ ವಾರದಲ್ಲಿ ಹಳೆ ವೀಲ್ ಸಿಲಿಂಡರ್ ಸೋರಲು ಶುರುವಾಗುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಲೈನರ್ ಸವೆದಂತೆ ಪಿಸ್ಟನ್‌ಗಳು ವರ್ಷಗಟ್ಟಲೆ ಹೊರಗಿನ ಜಾಗದಲ್ಲೇ ಓಡಾಡುತ್ತಿದ್ದವು. ಒಳಭಾಗದಲ್ಲಿ ತುಕ್ಕು, ಕೆಸರು ಕೂತಿತ್ತು. ದಪ್ಪ ಶೂ ಬಂದ ಕೂಡಲೇ ಪಿಸ್ಟನ್‌ಗಳನ್ನು ಆ ಜಾಗಕ್ಕೆ ತಳ್ಳಿದ ಹಾಗಾಯಿತು, ರಬ್ಬರ್ ಕಪ್ ತುಕ್ಕಿನ ಮೇಲೆ ಉಜ್ಜಿ ಹರಿಯಿತು. ನಿಮ್ಮಲ್ಲಿ ಆಯಿಲ್ ಕಡಿಮೆಯಾಗಿಲ್ಲ, ಆದ್ದರಿಂದ ಈಗ ಸೋರುತ್ತಿರಲಾರದು. ಆದರೂ ನೋಡುವುದು ಒಳ್ಳೆಯದು. ಸೋರಿದ್ದರೆ ಒಳಗಿನ ರಬ್ಬರ್ ಭಾಗಗಳ ಕಿಟ್ ಹಾಕಿಸುವ ಬದಲು ಇಡೀ ಸಿಲಿಂಡರ್ ಬದಲಿಸಿ, ಎರಡೂ ಕಡೆ. ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ವಾಪಸ್ ಹಾಕಲು ಬಿಡಬೇಡಿ. ಲೈನರ್ ಒಳಗೆ ಇಂಗಿದ ಆಯಿಲ್ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಇನ್ನೊಂದು ಮಾತು: ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸುವುದನ್ನು ಕಂಡರೆ ದೂರ ನಿಲ್ಲಿ, ಅವರಿಗೂ ಹೇಳಿ. ಹಳೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಈಗ ಮಾಸ್ಟರ್ ಸಿಲಿಂಡರ್ ವಿಷಯ. ಅದು ಕೆಟ್ಟರೆ ಲಕ್ಷಣ ಬೇರೆ. ಪೆಡಲ್ ತುಳಿದು ಹಿಡಿದುಕೊಂಡರೆ ಒಂದು ಕಡೆ ನಿಲ್ಲದೆ ಮೆಲ್ಲಮೆಲ್ಲಗೆ ಕೆಳಗೆ ಜಾರುತ್ತದೆ, ಆದರೆ ಹೊರಗೆಲ್ಲೂ ಆಯಿಲ್ ಸೋರುವುದಿಲ್ಲ. ಒಳಗಿನ ಕಪ್ ದಾಟಿ ಆಯಿಲ್ ಹಿಂದಕ್ಕೇ ಬರುತ್ತಿರುತ್ತದೆ. ಇದನ್ನೂ ನೀವೇ ನೋಡಬಹುದು. ಎಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ತುಳಿಯಿರಿ, ಬೂಸ್ಟರಿನಲ್ಲಿ (ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಪೆಡಲನ್ನು ಹಗುರ ಮಾಡುವ ಭಾಗ) ಉಳಿದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಬಿಗಿಯಾಗುತ್ತದೆ. ಈಗ ಮಿತವಾಗಿ ತುಳಿದು ಒಂದು ನಿಮಿಷ ಹಿಡಿಯಿರಿ. ಆಮೇಲೆ ತುಂಬಾ ಹಗುರವಾಗಿ ತುಳಿದು ಇನ್ನೊಂದು ನಿಮಿಷ. ಸವೆದ ಕಪ್ ಜೋರು ಒತ್ತಡಕ್ಕೆ ಅಗಲವಾಗಿ ಹಿಡಿದುಕೊಂಡು, ಹಗುರ ಒತ್ತಡಕ್ಕೆ ಸೋರುವುದುಂಟು. ಎರಡರಲ್ಲೂ ಪೆಡಲ್ ಅಲುಗದೆ ನಿಂತರೆ ಮಾಸ್ಟರ್ ಬದಲಿಸಲು ದುಡ್ಡು ಕೊಡಬೇಡಿ.

ಇಲ್ಲಿ ಒಂದು ವಿಷಯಕ್ಕೆ ಹೆದರಬೇಡಿ. ಹೀಗೆ ಕಾಲಿಟ್ಟುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗೆ ಇಳಿಯುತ್ತದೆ. ಅದು ಬೂಸ್ಟರ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಗುರುತು. ಇದನ್ನೇ ತೋರಿಸಿ "ನೋಡಿ, ಮಾಸ್ಟರ್ ಹೋಗಿದೆ" ಅಂದವರನ್ನೂ ಕಂಡಿದ್ದೇನೆ. ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಿನ ಹಾಗಾಗುತ್ತದೆ, ಮೆತ್ತಗಾಗುವುದಿಲ್ಲ.

ಆದರೆ ನಿಮ್ಮ ಮಾಸ್ಟರ್ ಪೂರ್ತಿ ಸುರಕ್ಷಿತ ಅಂತಲೂ ನಾನು ಬರೆದುಕೊಡಲಾರೆ. ಏರ್ ತೆಗೆಯುವಾಗ ಒಬ್ಬರು ಪೆಡಲನ್ನು ನೆಲಕ್ಕೆ ತಾಗುವಷ್ಟು ತುಳಿಯುತ್ತಾರೆ ಅಲ್ವಾ? ದಿನನಿತ್ಯದ ಓಡಾಟದಲ್ಲಿ ಮಾಸ್ಟರಿನ ಪಿಸ್ಟನ್ ಅಷ್ಟು ಒಳಗೆ ಹೋಗುವುದೇ ಇಲ್ಲ. ಹಳೆ ಕಾರಿನಲ್ಲಿ ಆ ಭಾಗದಲ್ಲಿ ಕೊಳೆ, ತುಕ್ಕು ಇರುತ್ತದೆ. ಅದರ ಮೇಲೆ ಕಪ್ ಉಜ್ಜಿ ಹಾಳಾಗಬಹುದು. ನಿಮ್ಮದರಲ್ಲಿ ಮೂರು ಸಲ ಏರ್ ತೆಗೆದಿದ್ದಾರೆ. ಹಾಗಾಗಿ ಶೂ ಗ್ಯಾಪ್ ಸರಿ ಮಾಡಿಸಿದ ಮೇಲೂ ಈ ಒಂದು ನಿಮಿಷದ ಪರೀಕ್ಷೆ ಮತ್ತೊಮ್ಮೆ ಮಾಡಿ. ಇನ್ನು ಮುಂದೆ ಏರ್ ತೆಗೆಸಿದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು ಪೂರ್ತಿ ಹೋಗದಂತೆ ತಡೆಯಲು ಹೇಳಿ. ಮಾಸ್ಟರ್ ಬದಲಿಸಲೇಬೇಕಾದರೆ ಪೂರ್ತಿ ಹೊಸದು ಹಾಕಿಸಿ. ಒಳಗೆ ಗೀರು ಬಿದ್ದ ಮಾಸ್ಟರಿಗೆ ಹೊಸ ಕಿಟ್ ಹಾಕಿದರೆ ಕೆಲವು ತಿಂಗಳಷ್ಟೇ ಬಾಳಿಕೆ.

ಮಣ್ಣಿನ ರಸ್ತೆಯಲ್ಲಿ ನೀವು ಮಾಡಿದ ಪರೀಕ್ಷೆಯ ಬಗ್ಗೆ. ಮುಂದಿನ ಚಕ್ರದ ಗುರುತು ಮಾತ್ರ ಬಿದ್ದದ್ದು ದೋಷಕ್ಕೆ ಸಾಕ್ಷಿ ಅಲ್ಲ, ಅದು ಹಾಗೇ ಇರಬೇಕು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬಾಗುತ್ತದೆ, ಹಿಂದಿನ ಚಕ್ರಗಳು ಹಗುರವಾಗುತ್ತವೆ. ಹಿಂದಿನವು ಮೊದಲು ಲಾಕ್ ಆದರೆ ಕಾರು ಬುಗುರಿಯಂತೆ ತಿರುಗುತ್ತದೆ. ಅದಕ್ಕೇ ಕಂಪನಿಯವರೇ ಹಿಂದಿನ ಒತ್ತಡವನ್ನು ಒಂದು ವಾಲ್ವ್ ಇಟ್ಟು ತಡೆದಿರುತ್ತಾರೆ. ಹಿಂದಿನ ಬ್ರೇಕ್ ಜೋರಾಗಲಿ ಅಂತ ಆ ವಾಲ್ವ್ ತೆಗೆಸಲು ಯಾರಾದರೂ ಹೇಳಿದರೆ ಕೇಳಬೇಡಿ. ಹಿಂದಿನ ಬ್ರೇಕ್ ಹಿಡಿಯುತ್ತಿದೆಯೇ ಅಂತ ನೋಡಲು ಹಿಂದಿನ ಚಕ್ರವನ್ನು ಜ್ಯಾಕ್ ಮತ್ತು ಸ್ಟ್ಯಾಂಡ್ ಮೇಲೆ ಎತ್ತಿ, ಒಬ್ಬರು ಪೆಡಲ್ ಹಗುರವಾಗಿ ತುಳಿದಾಗ ಇನ್ನೊಬ್ಬರು ಚಕ್ರ ತಿರುಗಿಸಲು ನೋಡಬೇಕು. ತಿರುಗಬಾರದು. ಎರಡೂ ಬದಿ ಒಂದೇ ಥರ ಹಿಡಿಯಬೇಕು.

"ಹಿಂದಿನ ಬ್ರೇಕ್ ಅಷ್ಟೇನೂ ಮುಖ್ಯ ಅಲ್ಲ" ಅನ್ನುವ ಮಾತು ಇಲ್ಲಿಂದಲೇ ಹುಟ್ಟಿದ್ದು. ಜೋರು ಬ್ರೇಕಿನಲ್ಲಿ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ, ನಿಜ. ಆದರೆ ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಬ್ರೇಕ್ ಸರ್ಕ್ಯೂಟ್ ಸಾಮಾನ್ಯವಾಗಿ ಅಡ್ಡಕ್ಕೆ ಹಂಚಿರುತ್ತದೆ: ಮುಂದಿನ ಎಡ ಮತ್ತು ಹಿಂದಿನ ಬಲ ಒಂದು, ಮುಂದಿನ ಬಲ ಮತ್ತು ಹಿಂದಿನ ಎಡ ಇನ್ನೊಂದು. ಹಿಂದಿನ ಒಂದು ವೀಲ್ ಸಿಲಿಂಡರ್ ಒಡೆದರೆ ಅದರ ಜೊತೆಗಿನ ಮುಂದಿನ ಡಿಸ್ಕೂ ಹೋಯಿತು. ಹಿಂದಿನ ಶೂ ಗ್ಯಾಪ್ ಪೆಡಲಿನ ಓಟ ತಿಂದರೆ ಮುಂದಿನ ಬ್ರೇಕಿಗೂ ಒತ್ತಡ ತಡವಾಗಿಯೇ ಮುಟ್ಟುತ್ತದೆ. ನಿಮ್ಮ ಪೆಡಲಿನಲ್ಲಿ ಈಗ ಆಗುತ್ತಿರುವುದು ಅದೇ.

ಘಾಟಿಯಲ್ಲಿ ಇನ್ನೂ ಒಂದು ವಿಷಯ ಸೇರುತ್ತದೆ, ಬಿಸಿ. ಒಂದು ಟನ್ ತೂಕದ ಕಾರು 500 ಮೀಟರ್ ಎತ್ತರದಿಂದ ಬ್ರೇಕ್ ಒಂದನ್ನೇ ನಂಬಿ ಇಳಿದರೆ, ಹುಟ್ಟುವ ಶಾಖ ಸುಮಾರು 15 ಲೀಟರ್ ತಣ್ಣೀರನ್ನು ಕುದಿ ಬರಿಸಲು ಸಾಕು. ಹಿಂದಿನ ಬ್ರೇಕ್ ತನ್ನ ಪಾಲು ಹೊರದಿದ್ದರೆ ಅದೆಲ್ಲ ಮುಂದಿನ ಎರಡು ಡಿಸ್ಕಿನ ಮೇಲೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಡಾಟ್ 3 ಅನ್ನುವ ದರ್ಜೆಯದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ. ಮಲೆನಾಡಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬೇಡಿ. ಡಬ್ಬಿಯ ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದೇ ಇರಲಿ. ಡಾಟ್ 5 ಮಾತ್ರ ಬೇಡವೇ ಬೇಡ. ಅದು ಸಿಲಿಕೋನ್ ದ್ರವ, ಉಳಿದವುಗಳ ಜೊತೆ ಬೆರೆಯುವುದಿಲ್ಲ.

"ಬ್ರೇಕ್ ಆಯಿಲ್" ಅನ್ನುವ ಹೆಸರೇ ಒಂದು ಅಪಾಯ. ಅದು ಆಯಿಲ್ ಅಲ್ಲ. ಪವರ್ ಸ್ಟೀರಿಂಗ್ ಆಯಿಲನ್ನು ಬ್ರೇಕ್ ಡಬ್ಬಿಗೆ ಸುರಿದ ಒಂದು ಕಾರು ನನ್ನ ಕೈಗೆ ಬಂದಿತ್ತು. ಒಳಗಿನ ಪ್ರತಿ ರಬ್ಬರ್ ಊದಿಕೊಂಡಿತ್ತು. ಮಾಸ್ಟರ್, ವೀಲ್ ಸಿಲಿಂಡರ್, ಹೋಸ್ ಎಲ್ಲ ಬದಲಿಸಬೇಕಾಯಿತು. ನಿಮ್ಮದರಲ್ಲಿ ಏನು ಹಾಕಿದ್ದಾರೆ ಅಂತ ಅನುಮಾನ ಇದ್ದರೆ ಒಂದು ಹನಿಯನ್ನು ಲೋಟದ ನೀರಿಗೆ ಬಿಡಿ. ಬ್ರೇಕ್ ದ್ರವ ನೀರಿನಲ್ಲಿ ಬೆರೆತುಹೋಗುತ್ತದೆ, ಎಣ್ಣೆ ತೇಲುತ್ತದೆ. ಕಾರಿನ ಪೇಂಟ್ ಮೇಲೆ ಚೆಲ್ಲದಂತೆ ನೋಡಿಕೊಳ್ಳಿ, ಬಣ್ಣ ಕಿತ್ತುಬರುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದರೂ ಪೆಡಲ್ ಮೇಲೆ ಬಾರದಿದ್ದರೆ, ಮಾಸ್ಟರೂ ಜಾರದಿದ್ದರೆ, ಆಗ ಮೆಕ್ಯಾನಿಕ್ ಚಕ್ರಕ್ಕೆ ಹೋಗುವ ರಬ್ಬರ್ ಹೋಸಿಗೆ ಕ್ಲ್ಯಾಂಪ್ ಹಾಕಿ ಒಂದೊಂದೇ ಚಕ್ರವನ್ನು ಮುಚ್ಚಿ ನೋಡಬೇಕು. ಯಾವ ಚಕ್ರ ಮುಚ್ಚಿದಾಗ ಪೆಡಲ್ ಗಟ್ಟಿಯಾಗುತ್ತದೋ ದೋಷ ಅಲ್ಲಿ. ಇದಕ್ಕೆ ದುಂಡು ತುದಿಯ ಕ್ಲ್ಯಾಂಪೇ ಬೇಕು. ಇಕ್ಕಳದಲ್ಲಿ ಹಿಡಿದು ಒತ್ತಿದರೆ ಹನ್ನೆರಡು ವರ್ಷದ ಹೋಸ್ ಒಳಗಿಂದ ಬಿರಿಯುತ್ತದೆ. ಬಿರುಕು ಕಂಡ ಹೋಸ್ ಇದ್ದರೆ ಈ ಪರೀಕ್ಷೆಯೇ ಬೇಡ, ನೇರ ಬದಲಿಸಿ.

ಆಯ್ಕೆಗಳ ಲೆಕ್ಕ ಹೀಗೆ. ಗ್ಯಾಪ್ ಸೆಟ್ ಮಾಡಿಸುವುದು ಮೊದಲು, ಅದಕ್ಕೆ ಕೂಲಿ ಮಾತ್ರ. ಅಡ್ಜಸ್ಟರ್ ಕಚ್ಚಿದ್ದರೆ ಅದನ್ನು ಬದಲಿಸಿ, ಅದು ದೊಡ್ಡ ಖರ್ಚಲ್ಲ. ಡ್ರಮ್ ಮಿತಿ ದಾಟಿದ್ದರೆ ಎರಡೂ ಡ್ರಮ್ ಹೊಸದು, ಇಲ್ಲಿ ಖರ್ಚು ಇದೆ, ಆದರೆ ತಪ್ಪಿಸುವ ದಾರಿ ಇಲ್ಲ. ತೆಳುವಾದ ಡ್ರಮ್ ಬಿಸಿಯಾದಾಗ ಹಿಗ್ಗಿ ಘಾಟಿಯ ನಡುವೆಯೇ ಪೆಡಲ್ ಇಳಿಸುತ್ತದೆ. ಮಾಸ್ಟರ್ ಸರದಿ ಎಲ್ಲಕ್ಕಿಂತ ಕೊನೆಗೆ, ಅದೂ ಪೆಡಲ್ ಜಾರಿದರೆ ಮಾತ್ರ.

ಕೆಲಸ ಆದ ಮೇಲೆ ಮೊದಲು ಖಾಲಿ ಮೈದಾನದಲ್ಲಿ ನಿಧಾನವಾಗಿ ಹತ್ತಾರು ಸಲ ಬ್ರೇಕ್ ಹಾಕಿ ನೋಡಿ. ವಾರವಿಡೀ ಊರಿನ ಸುತ್ತ ಓಡಿಸಿ, ಶೂ ಕೂರಲಿ. ಆಮೇಲೆ ಒಂದು ದಿನ ಅಮ್ಮನಿಲ್ಲದೆ, ಮಳೆ ಇಲ್ಲದ ಬೆಳಿಗ್ಗೆ, ಎರಡನೇ ಗೇರಿನಲ್ಲಿ ಘಾಟಿ ಇಳಿಯಿರಿ. ನ್ಯೂಟ್ರಲ್ ಬೇಡ, ಎಂಜಿನ್ ಆಫ್ ಮಾಡುವುದಂತೂ ಬೇಡ. ಕೆಳಗೆ ಸೋಮೇಶ್ವರದಲ್ಲಿ ನಿಲ್ಲಿಸಿ, ಡ್ರಮ್, ಡಿಸ್ಕ್ ಯಾವುದನ್ನೂ ಮುಟ್ಟದೆ, ಸುಟ್ಟ ವಾಸನೆ ಬರುತ್ತಿದೆಯಾ ನೋಡಿ. ಒಮ್ಮೆ ಪೆಡಲ್ ತುಳಿಯಿರಿ. ಮೊದಲ ತುಳಿತಕ್ಕೇ ಮೇಲೆ ನಿಂತರೆ, ಮುಂದಿನ ತಿಂಗಳು ಅಮ್ಮನನ್ನು ಕೂರಿಸಿಕೊಂಡು ಹೋಗಿಬನ್ನಿ.